ಹುಳಿಗೊಂದು ಕೆಲಸ, ಸೋಡಾಕ್ಕೊಂದು ಕೆಲಸ: ಮನೆಯಲ್ಲೇ ಮಾಡಿದ ಕ್ಲೀನರ್‌ಗಳು ಕೈಕೊಡುವುದೇಕೆ?

ಪ್ರಶ್ನೆ: ನಮ್ಮದು ಬೆಂಗಳೂರಿನ ಹೊರವಲಯದಲ್ಲಿ ಬೋರ್‌ವೆಲ್ ನೀರಿನ ಮನೆ. ಅಂಗಡಿಯ ಕ್ಲೀನರ್‌ಗಳನ್ನು ಬಿಟ್ಟು ಎಲ್ಲವನ್ನೂ ಮನೆಯಲ್ಲೇ ಮಾಡಿಕೊಳ್ಳೋಣ ಎಂದು ಹೊರಟಿದ್ದೇವೆ. ಆದರೆ ಅಂಟುವಾಳದ ದ್ರವ ನಾಲ್ಕೇ ದಿನಕ್ಕೆ ಹುಳಿ ವಾಸನೆ ಬರುತ್ತದೆ. ವಿನೆಗರ್ ಮತ್ತು ಅಡುಗೆ ಸೋಡಾ ಬೆರೆಸಿ ಬಾಟಲಿಗೆ ತುಂಬಿಟ್ಟರೆ ಅದರಿಂದ ಏನೂ ಹೋಗುವುದಿಲ್ಲ. ಕಿತ್ತಳೆ ಸಿಪ್ಪೆಯನ್ನು ಬೆಲ್ಲದ ನೀರಿನಲ್ಲಿ ಹುದುಗಿಸಿದ ಬಯೋಎಂಜೈಮ್ ಹಾಕಿ ನೆಲ ಒರೆಸಿದರೆ ಇರುವೆ ಮುತ್ತುತ್ತವೆ. ಎಲ್ಲಕ್ಕಿಂತ ಬೇಸರವೆಂದರೆ, ಅಡುಗೆಕಟ್ಟೆಯ ಕಪ್ಪು ಕಲ್ಲಿನ ಮೇಲೆ ಬಿಳಿ ಮಬ್ಬು ಕೂತಿದೆ, ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ಎಲ್ಲಿ ತಪ್ಪಿದ್ದೇವೆ?

ಉತ್ತರ: ನಾಲ್ಕು ದೂರಿಗೂ ಬೇರು ಒಂದೇ. ಯಾವ ಕೊಳೆಗೆ ಯಾವುದು ಬೇಕು ಎಂದು ನೋಡದೆ, "ನ್ಯಾಚುರಲ್" ಎಂದದ್ದೆಲ್ಲ ಎಲ್ಲದಕ್ಕೂ ಆಗುತ್ತದೆ ಎಂದುಕೊಂಡಿದ್ದೀರಿ. ಮನೆಯ ಕೊಳೆಯಲ್ಲಿ ಮುಖ್ಯವಾಗಿ ಎರಡು ಜಾತಿ. ಒಗ್ಗರಣೆಯ ಹೊಗೆ, ಎಣ್ಣೆ, ಮೈಯ ಜಿಡ್ಡು ಒಂದು ಕಡೆ. ಇವಕ್ಕೆ ಸೋಡಾ, ಬೂದಿಯಂಥ ಕ್ಷಾರ ಬೇಕು, ಇಲ್ಲವೇ ಅಂಟುವಾಳ, ಸೀಗೆಯಂಥ ನೊರೆ ಬರುವ ಪದಾರ್ಥ ಬೇಕು. ಇನ್ನೊಂದು ಕಡೆ ನಲ್ಲಿಯ ಬುಡದ ಬಿಳಿ ಕರೆ, ಬಕೆಟ್ಟಿನ ಒಳಗಿನ ಸುಣ್ಣದಂಥ ಪದರ, ಹಿತ್ತಾಳೆಯ ಕಿಲುಬು. ಇವು ಹುಳಿಗೆ ಮಾತ್ರ ಬಗ್ಗುತ್ತವೆ. ಉಳಿದ ಧೂಳು, ಅನ್ನದ ಅಂಟು, ಮಣ್ಣು ಇವಕ್ಕೆ ನೀರು ಮತ್ತು ಒದ್ದೆ ಬಟ್ಟೆಯೇ ಮುಕ್ಕಾಲು ಪಾಲು ಸಾಕು.

ವಿನೆಗರ್-ಸೋಡಾ ವಿಷಯವನ್ನು ಮೊದಲು ಮುಗಿಸೋಣ, ಅದು ಸುಲಭ. ವಿನೆಗರ್ ಹುಳಿ, ಸೋಡಾ ಕ್ಷಾರ. ಎರಡೂ ಸೇರಿದರೆ ಒಂದನ್ನೊಂದು ಕೊಂದುಕೊಳ್ಳುತ್ತವೆ. ಬುಸ್ಸೆಂದು ಬರುವ ನೊರೆ ಕಾರ್ಬನ್ ಡೈ ಆಕ್ಸೈಡ್. ಅದು ಹೋದ ಮೇಲೆ ಉಳಿಯುವುದು ನೀರು ಮತ್ತು ಒಂದಿಷ್ಟು ಸೋಡಿಯಂ ಅಸಿಟೇಟ್ ಎಂಬ ಉಪ್ಪು. ಅಂಗಡಿಯಲ್ಲಿ ಸಿಗುವ ಶೇ. 4ರ ವಿನೆಗರ್ ಸುಮಾರು 90 ಮಿಲಿ ಇದ್ದರೆ ಅದರ ಹುಳಿಯನ್ನೆಲ್ಲ ನುಂಗಿಹಾಕಲು ಒಂದೇ ಟೀ ಚಮಚ (5 ಗ್ರಾಂ) ಅಡುಗೆ ಸೋಡಾ ಸಾಕು. ನಿಮ್ಮ ಬಾಟಲಿಯಲ್ಲಿ ಇರುವುದು ಹೆಚ್ಚುಕಡಿಮೆ ಉಪ್ಪುನೀರು. ಅದೇ 5 ಗ್ರಾಂ ಸೋಡಾದಿಂದ ಸುಮಾರು 1.4 ಲೀಟರ್ ಅನಿಲ ಹೊರಡುತ್ತದೆ. ಬೆರೆಸಿದ ಕೂಡಲೇ ಮುಚ್ಚಳ ಬಿಗಿದರೆ ಬಾಟಲಿ ಸಿಡಿಯಬಹುದು. ಎರಡೂ ಬೇಕಾದ ಜಾಗದಲ್ಲಿ, ಉದಾಹರಣೆಗೆ ಜಿಡ್ಡೂ ಬಿಳಿ ಕರೆಯೂ ಕೂತ ಸಿಂಕಿನಲ್ಲಿ, ಮೊದಲು ಸೋಡಾ ಹಾಕಿ ಉಜ್ಜಿ ಜಿಡ್ಡು ತೆಗೆಯಿರಿ, ಚೆನ್ನಾಗಿ ತೊಳೆಯಿರಿ, ಆಮೇಲೆ ಹುಳಿ ಹಾಕಿ. ಒಂದರ ಹಿಂದೊಂದು ಸರಿ, ಒಟ್ಟಿಗೆ ಬೇಡ.

ಯಾವ ದ್ರವ ಹುಳಿ, ಯಾವುದು ಕ್ಷಾರ ಎಂದು ಅನುಮಾನ ಬಂದರೆ ಅಂಗಳದ ಕೆಂಪು ದಾಸವಾಳ ಹೇಳುತ್ತದೆ. ನಾಲ್ಕೈದು ಎಸಳನ್ನು ಅರ್ಧ ಲೋಟ ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಹಾಕಿ. ಆ ನೀರನ್ನು ಬಿಳಿ ಬಟ್ಟಲಿಗೆ ಒಂದೊಂದು ಚಮಚ ಹಾಕಿಕೊಂಡು, ಪರೀಕ್ಷಿಸಬೇಕಾದ ದ್ರವದ ನಾಲ್ಕು ಹನಿ ಬಿಡಿ. ಹುಳಿಯಾದರೆ ನೀರು ಢಾಳಾದ ಗುಲಾಬಿ ಕೆಂಪಾಗುತ್ತದೆ, ಸೋಡಾದಂಥದ್ದಾದರೆ ಹಸಿರಿಗೆ ತಿರುಗುತ್ತದೆ. ಬಣ್ಣ ಏನೂ ಬದಲಾಗದಿದ್ದರೆ ಅದು ನಿಮ್ಮ ವಿನೆಗರ್-ಸೋಡಾ ಬಾಟಲಿಯ ಹಾಗೆ ಸತ್ತ ದ್ರವ.

ಅಂಟುವಾಳ: ಯಾಕೆ ಕೆಡುತ್ತದೆ, ಹೇಗೆ ಉಳಿಸಬೇಕು

ಬೋರ್‌ವೆಲ್ ನೀರಿನ ಮನೆಗೆ ಅಂಟುವಾಳಕ್ಕಿಂತ ಒಳ್ಳೆಯ ಪದಾರ್ಥ ಸಿಗುವುದು ಕಷ್ಟ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನೊಂದಿಗೆ ಸೇರಿ ಮೊಸರೊಡೆದಂತೆ ಗಸಿಯಾಗುತ್ತವೆ. ಬಕೆಟ್ಟಿನ ಅಂಚಿಗೆ ಕೂರುವ ಬೂದು ಬಣ್ಣದ ಜಿಗುಟು ಅದೇ. ಅಂಟುವಾಳದ ಸಿಪ್ಪೆಯಲ್ಲಿ ನೊರೆ ಬರಿಸುವ ಸಪೋನಿನ್ ಎಂಬ ಅಂಶ ಹಾಗೆ ಗಸಿ ಕಟ್ಟುವುದಿಲ್ಲ, ಗಡಸು ನೀರಲ್ಲೂ ಕೆಲಸ ಮಾಡುತ್ತದೆ. ಅಲ್ಲದೆ ಅದರ ನೀರು ಸಾಬೂನಿನಂತೆ ಕ್ಷಾರವಲ್ಲ, ತುಸು ಹುಳಿ. ರೇಷ್ಮೆ, ಉಣ್ಣೆ, ಚಿನ್ನದ ಒಡವೆಗೆ ಹಿಂದಿನವರು ಅಂಟುವಾಳವನ್ನೇ ನೆಚ್ಚಿಕೊಂಡಿದ್ದು ಸುಮ್ಮನೆ ಅಲ್ಲ.

ಗ್ರಂಥಿಗೆ ಅಂಗಡಿಯಲ್ಲಿ ಕೊಳ್ಳುವಾಗ ಬೀಜ ತೆಗೆದದ್ದನ್ನೇ ಕೇಳಿ. ಬೀಜವಿದ್ದದ್ದು ಅಗ್ಗವಾಗಿ ಕಂಡರೂ ತೂಕದ ಅರ್ಧದ ಹತ್ತಿರ ಆ ಕರಿ ಗುಂಡಿನದೇ ಇರುತ್ತದೆ, ಅದರಲ್ಲಿ ನೊರೆ ಇಲ್ಲ, ಮಿಕ್ಸಿಗೆ ಹಾಕಿದರೆ ಬ್ಲೇಡೂ ಉಳಿಯದು. ಒಳ್ಳೆಯ ಸಿಪ್ಪೆ ಕೆಂಗಂದು ಬಣ್ಣದ್ದು, ಸುಕ್ಕುಗಟ್ಟಿರುತ್ತದೆ, ಬೆರಳಲ್ಲಿ ಒತ್ತಿದರೆ ತುಸು ಅಂಟುತ್ತದೆ. ಕರ್ರಗಾಗಿ, ಮುಟ್ಟಿದರೆ ಪುಡಿಯಾಗುವ ಹಳೆಯ ಮಾಲು ಬೇಡ.

ದ್ರವಕ್ಕೆ ಲೆಕ್ಕ ಹೀಗೆ: ಬೀಜ ತೆಗೆದ ಸಿಪ್ಪೆ 100 ಗ್ರಾಂ, ನೀರು 1 ಲೀಟರ್. ರಾತ್ರಿ ನೆನೆಹಾಕಿ. ಬೆಳಿಗ್ಗೆ ಅದೇ ನೀರಿನಲ್ಲಿ ಸಣ್ಣ ಉರಿಯಲ್ಲಿ 15ರಿಂದ 20 ನಿಮಿಷ ಕುದಿಸಿ. ಮೂರು ಲೀಟರಿಗಿಂತ ಚಿಕ್ಕ ಪಾತ್ರೆ ಇಡಬೇಡಿ, ಹಾಲಿನಂತೆ ಉಕ್ಕಿ ಒಲೆಯೆಲ್ಲ ಹರಿಯುತ್ತದೆ. ಆರಿದ ಮೇಲೆ ಕೈಯಿಂದ ಚೆನ್ನಾಗಿ ಕಿವುಚಿ, ಹಳೆಯ ಪಂಚೆ ಬಟ್ಟೆಯಲ್ಲಿ ಸೋಸಿ. ಜಾಲರಿಯಲ್ಲಿ ಸೋಸಿದರೆ ಸಿಪ್ಪೆಯ ತಿರುಳು ಒಳಗೇ ಉಳಿದು ಬೇಗ ಕೆಡಿಸುತ್ತದೆ. ಸೋಸಿದ ಚರಟಕ್ಕೆ ಅರ್ಧ ಲೀಟರ್ ನೀರು ಹಾಕಿ ಇನ್ನೊಮ್ಮೆ ಹತ್ತು ನಿಮಿಷ ಕುದಿಸಿ ಹಿಂಡಿ. ಎರಡೂ ಸೇರಿ ಒಂದು ಲೀಟರಿಗೆ ತುಸು ಹೆಚ್ಚು ಬರುತ್ತದೆ.

ಈಗ ಕೆಡುವ ಮಾತು. ಆ ಸಿಪ್ಪೆಯಲ್ಲಿ ಸಪೋನಿನ್ ಜೊತೆಗೆ ಸಕ್ಕರೆಯೂ ಇದೆ. ನೀರಿನಲ್ಲಿ ಬಿಟ್ಟ ಸಕ್ಕರೆ ಬೆಂಗಳೂರಿನ ಹವೆಯಲ್ಲಿ ಮೂರು-ನಾಲ್ಕು ದಿನಕ್ಕೆ ಹುಳಿ ಹಿಡಿಯುವುದು ದೋಸೆ ಹಿಟ್ಟಿನಷ್ಟೇ ಸಹಜ. ನಿಮ್ಮ ತಯಾರಿ ತಪ್ಪಿಲ್ಲ, ಇಟ್ಟ ರೀತಿ ತಪ್ಪಿದೆ. ಫ್ರಿಜ್ಜಿನಲ್ಲಿ ಇಟ್ಟರೆ ವಾರದಿಂದ ಹತ್ತು ದಿನ ಬರುತ್ತದೆ. ಲೀಟರಿಗೆ ಒಂದು ಟೀ ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಬೆರೆಸಿದರೆ ಇನ್ನೂ ಕೆಲವು ದಿನ ಎಳೆಯಬಹುದು. "ನಿಂಬೆ ಸಿಪ್ಪೆ, ಉಪ್ಪು ಹಾಕಿ ರುಬ್ಬಿದರೆ ಆರು ತಿಂಗಳು ಕೆಡುವುದಿಲ್ಲ" ಎನ್ನುವ ಮಾತನ್ನು ನಂಬಬೇಡಿ. ಹೆಚ್ಚು ಮಾಡಿಡುವುದಾದರೆ ಐಸ್ ಟ್ರೇಯಲ್ಲಿ ಗಡ್ಡೆ ಕಟ್ಟಿಸಿ, ಡಬ್ಬಿಗೆ ಹಾಕಿ ಫ್ರೀಜರಿನಲ್ಲಿ ಇಡಿ. ದಿನಕ್ಕೆ ಎರಡು ಗಡ್ಡೆ ತೆಗೆದುಕೊಂಡರೆ ಪಾತ್ರೆಗೆ ಆಯಿತು. ಇನ್ನೂ ಸರಳ ದಾರಿ ಪುಡಿ: ಸಿಪ್ಪೆಯನ್ನು ಎರಡು ದಿನ ಬಿಸಿಲಿಗೆ ಒಣಗಿಸಿ, ಗರಿಗರಿಯಾದಾಗ ಮಿಕ್ಸಿಗೆ ಹಾಕಿ ಜರಡಿ ಹಿಡಿಯಿರಿ. ಗಾಳಿಯಾಡದ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಮಿಕ್ಸಿ ನಿಂತ ಮೇಲೆ ಐದು ನಿಮಿಷ ಮುಚ್ಚಳ ತೆಗೆಯಬೇಡಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಈ ಪುಡಿ ಮೂಗಿಗೆ ಹೋದರೆ ಸೀನು ನಿಲ್ಲುವುದಿಲ್ಲ, ಕಣ್ಣಿಗೆ ಬಿದ್ದರೆ ಮೆಣಸಿನಕಾಯಿಯಂತೆ ಉರಿ.

ದ್ರವ ಇನ್ನೂ ಚೆನ್ನಾಗಿದೆಯೇ ಎಂದು ತಿಳಿಯಲು ಒಂದು ಸಣ್ಣ ಬಾಟಲಿಯಲ್ಲಿ ಅರ್ಧ ಲೋಟ ನೀರು, ಒಂದು ಚಮಚ ದ್ರವ ಹಾಕಿ ಹತ್ತು ಸಲ ಜೋರಾಗಿ ಕುಲುಕಿ. ಸಣ್ಣ ಗುಳ್ಳೆಯ ನೊರೆ ಎರಡು ಬೆರಳೆತ್ತರ ಎದ್ದು ಐದು ನಿಮಿಷವಾದರೂ ನಿಂತಿದ್ದರೆ ಸರಿ. ದೊಡ್ಡ ದೊಡ್ಡ ಗುಳ್ಳೆ ಎದ್ದು ನೋಡುನೋಡುತ್ತಲೇ ಒಡೆದುಹೋದರೆ ಆಯಸ್ಸು ಮುಗಿದಿದೆ.

ಪಾತ್ರೆ ತೊಳೆಯುವಾಗ ಅಂಟುವಾಳದಿಂದ ಅಂಗಡಿಯ ಲಿಕ್ವಿಡ್‌ನಷ್ಟು ನೊರೆ ನಿರೀಕ್ಷಿಸಬೇಡಿ. ಸ್ಪಂಜಿನ ಮೇಲೆ ಗಟ್ಟಿ ದ್ರವವನ್ನೇ ಹಾಕಿ, ನೀರಿನ ಬೋಗುಣಿಗೆ ಸುರಿದು ತೆಳ್ಳಗೆ ಮಾಡಬೇಡಿ. ಬೋಂಡ ಕರಿದ ಬಾಣಲೆಯಂಥ ಎಣ್ಣೆ ಪಾತ್ರೆಗೆ ಇದೊಂದೇ ಸಾಲದು. ಮೊದಲು ಹಳೇ ಪೇಪರಿನಿಂದ ಎಣ್ಣೆ ಒರೆಸಿ ತೆಗೆಯಿರಿ, ಒಂದು ಚಮಚ ಸೀಗೆಪುಡಿ ಅಥವಾ ಹಳೆಯ ಕಡಲೆಹಿಟ್ಟು ಉದುರಿಸಿ ಒಣಗೈಯಿಂದಲೇ ತಿಕ್ಕಿ. ಪುಡಿ ಎಣ್ಣೆ ಹೀರಿ ಉಂಡೆಗಟ್ಟುತ್ತದೆ, ಅದನ್ನು ಕಸಕ್ಕೆ ಹಾಕಿ. ಆಮೇಲೆ ಅಂಟುವಾಳ. ಮೊದಲೇ ನೀರು ಬಿಟ್ಟರೆ ಎಣ್ಣೆ ಸಿಂಕಿನ ಪೈಪಿಗೆ ಹೋಗಿ ಅಲ್ಲಿ ಗಟ್ಟಿಯಾಗುತ್ತದೆ.

ಬಟ್ಟೆಗೆ ಮೆಷಿನ್ನಿನ ಒಂದು ಸರದಿಗೆ 60ರಿಂದ 80 ಮಿಲಿ ದ್ರವ. ಸಿಪ್ಪೆಯನ್ನೇ ಚೀಲದಲ್ಲಿ ಕಟ್ಟಿ ಹಾಕುವುದಾದರೆ ಮೊದಲು ಬಿಸಿನೀರಿನಲ್ಲಿ ನೆನೆಸಲೇಬೇಕು, ತಣ್ಣೀರಿಗೆ ಸಪೋನಿನ್ ಸರಿಯಾಗಿ ಬಿಡುವುದಿಲ್ಲ. ಬಿಳಿ ಪಂಚೆ, ಶಾಲೆಯ ಬಿಳಿ ಅಂಗಿಗೆ ನಾನು ಇದನ್ನು ಹೇಳುವುದಿಲ್ಲ, ಕಂದು ನೀರು ದಿನಗಳೆದಂತೆ ಬಿಳುಪನ್ನು ಮಾಸಲು ಮಾಡುತ್ತದೆ. ರೇಷ್ಮೆ ಸೀರೆಗೆ ಅರ್ಧ ಬಕೆಟ್ ತಣ್ಣೀರಿಗೆ 30 ಮಿಲಿ ಸಾಕು. ಸೆರಗಿನ ಒಳಮೂಲೆಯಲ್ಲಿ ಬಣ್ಣ ಬಿಡುತ್ತದೆಯೇ ಎಂದು ಬಿಳಿ ಬಟ್ಟೆ ಒತ್ತಿ ನೋಡಿಕೊಂಡು, ಐದು ನಿಮಿಷಕ್ಕಿಂತ ಹೆಚ್ಚು ನೆನೆಸದೆ, ಹಿಂಡದೆ, ನೆರಳಲ್ಲಿ ಒಣಹಾಕಿ.

ಒಂದು ಎಚ್ಚರಿಕೆ: ಸಪೋನಿನ್ ಮೀನಿಗೆ ವಿಷ. ಹಿಂದೆ ಅಂಟುವಾಳವನ್ನು ಜಜ್ಜಿ ನೀರಿಗೆ ಹಾಕಿ ಮೀನು ಹಿಡಿಯುತ್ತಿದ್ದುದೂ ಉಂಟು. ತೊಳೆದ ನೀರನ್ನು ತೋಟದ ಗಿಡಕ್ಕೆ ಹಾಕಿ, ಮೀನಿನ ತೊಟ್ಟಿಗೂ ಕೆರೆಗೂ ಬೇಡ.

ಬಯೋಎಂಜೈಮ್ ಮತ್ತು ಇರುವೆ

ಇರುವೆ ಬಂದಿದೆ ಎಂದರೆ ಬೆಲ್ಲ ಇನ್ನೂ ಬೆಲ್ಲವಾಗಿಯೇ ಉಳಿದಿದೆ. ನೀವು ಅದನ್ನು ಬೇಗ ತೆರೆದಿದ್ದೀರಿ, ಇಲ್ಲವೇ ಬೆಲ್ಲ ಹೆಚ್ಚು ಹಾಕಿದ್ದೀರಿ. ಲೆಕ್ಕ 1:3:10, ಅಂದರೆ ಬೆಲ್ಲ 100 ಗ್ರಾಂ, ಸಿಪ್ಪೆ 300 ಗ್ರಾಂ, ನೀರು 1 ಲೀಟರ್. ಇದಕ್ಕೆ 2 ಲೀಟರಿನ ಪ್ಲಾಸ್ಟಿಕ್ ಬಾಟಲಿಯೇ ಬೇಕು. ಮೇಲೆ ಖಾಲಿ ಜಾಗ ಇರಲಿ. ಗಾಜಿನ ಬಾಟಲಿ ಬೇಡವೇ ಬೇಡ. ಕಿತ್ತಳೆ, ಮೂಸಂಬಿ, ನಿಂಬೆ, ಗಜನಿಂಬೆ, ಹೇರಳೆ, ಕಂಚಿ ಯಾವ ಸಿಪ್ಪೆಯಾದರೂ ಸರಿ. ಜ್ಯೂಸ್ ಅಂಗಡಿಯವರು ಮೂಸಂಬಿ ಸಿಪ್ಪೆಯನ್ನು ಚೀಲಗಟ್ಟಲೆ ಎಸೆಯುತ್ತಾರೆ, ಕೇಳಿ ತನ್ನಿ. ಆದರೆ ಸಿಪ್ಪೆ ಅಂದಿನದೇ ಇರಲಿ. ಬೇಯಿಸಿದ, ಉಪ್ಪು ಹಾಕಿದ, ಎಣ್ಣೆ ತಗುಲಿದ ಸಿಪ್ಪೆ ಸೇರಿದರೆ ಹುದುಗುವ ಬದಲು ಕೊಳೆಯುತ್ತದೆ. ಬೆರಳಗಲಕ್ಕೆ ಹೆಚ್ಚಿಕೊಳ್ಳಿ, ಮೂರು ತಿಂಗಳ ಬಳಿಕ ಬಾಟಲಿಯ ಕುತ್ತಿಗೆಯಿಂದ ಅದನ್ನು ಹೊರತೆಗೆಯುವವರೂ ನೀವೇ. ನಗರಸಭೆಯ ನೀರಾದರೆ ಒಂದು ರಾತ್ರಿ ತೆರೆದ ಪಾತ್ರೆಯಲ್ಲಿಟ್ಟು ಕ್ಲೋರಿನ್ ಹೋಗಲು ಬಿಡಿ.

ಮೊದಲ ಎರಡು ವಾರ ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಗಾಳಿ ಬಿಡಬೇಕು, ಊರಿಗೆ ಹೋಗುವಾಗ ಸಹ. ಎರಡು ದಿನ ಮರೆತರೆ ಬಾಟಲಿಯ ತಳ ಚೆಂಡಿನಂತೆ ಉಬ್ಬಿ ನಿಲ್ಲಲಾರದೆ ಉರುಳಿರುತ್ತದೆ. ಆಗ ಬಗ್ಗಿ ನೋಡುತ್ತ ತೆರೆಯಬೇಡಿ, ಬಟ್ಟೆ ಸುತ್ತಿ ಸಿಂಕಿನಲ್ಲಿ ನಿಧಾನ ತಿರುಗಿಸಿ. ಎರಡನೇ ತಿಂಗಳಿಗೆ ವಾರಕ್ಕೊಮ್ಮೆ ಸಾಕು. ಒಟ್ಟು 90 ದಿನ. ಕಾಲು ಚಮಚ ಯೀಸ್ಟ್ ಅಥವಾ ಹಳೆಯ ಬಯೋಎಂಜೈಮಿನ 100 ಮಿಲಿ ಸೇರಿಸಿದರೆ ತಿಂಗಳು, ತಿಂಗಳೂವರೆಗೆ ಆಗುತ್ತದೆ.

ಮೇಲೆ ತೆಳ್ಳನೆಯ ಬಿಳಿ ಪೊರೆ ಬಂದರೆ ಹೆದರಬೇಡಿ, ಕುಲುಕಿ. ಕಪ್ಪು ಅಥವಾ ಹಸಿರು ಬೂಸ್ಟು ತುಪ್ಪುಳದಂತೆ ಬೆಳೆದರೆ, ಚರಂಡಿಯ ನಾತ ಬಂದರೆ ಗೊಬ್ಬರದ ಗುಂಡಿಗೆ ಸುರಿದು ಬಿಡಿ. ಅದನ್ನು ಮತ್ತೆ ಬೆಲ್ಲ ಹಾಕಿ ಬದುಕಿಸುವ ಪ್ರಯತ್ನ ಯಾಕೆ?

ಆಯಿತೋ ಇಲ್ಲವೋ ನೋಡಲು ಒಂದು ಹನಿಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಉಜ್ಜಿ ಆರಲು ಬಿಡಿ. ಬೆರಳು ಬಿಡಿಸುವಾಗ ಸ್ವಲ್ಪವಾದರೂ ಅಂಟಿದರೆ ಬೆಲ್ಲ ಉಳಿದಿದೆ. ವಾಸನೆಯಲ್ಲಿ ಹೆಂಡದ ಘಾಟು ಕಡಿಮೆಯಾಗಿ, ಕಿತ್ತಳೆ ಬೆರೆತ ವಿನೆಗರ್‌ನ ಹುಳಿ ಮುಂದಾಗಿರಬೇಕು. ದಾಸವಾಳದ ನೀರಿಗೆ ಹಾಕಿದರೆ ಢಾಳಾಗಿ ಕೆಂಪಾಗಬೇಕು.

ಹೆಸರಿನಲ್ಲಿ ಎಂಜೈಮ್ ಇದ್ದರೂ ಕೊಳೆ ತೆಗೆಯುವ ಮುಖ್ಯ ಶಕ್ತಿ ಅದರ ಹುಳಿ, ಸಿಪ್ಪೆಯ ಎಣ್ಣೆ ಮತ್ತು ಒಂದಿಷ್ಟು ಮದ್ಯಸಾರದ್ದು. ಇದನ್ನು ಸುವಾಸನೆಯ ತೆಳು ವಿನೆಗರ್ ಎಂದೇ ಭಾವಿಸಿ ಬಳಸಿದರೆ ಮೋಸ ಹೋಗುವುದಿಲ್ಲ. ವಿಟ್ರಿಫೈಡ್ ಟೈಲ್ಸ್ ನೆಲಕ್ಕೆ 5 ಲೀಟರ್ ನೀರಿಗೆ 50 ಮಿಲಿ. ಬಚ್ಚಲಿನ ಗೋಡೆಗೆ ಸಮಪಾಲು ನೀರು ಬೆರೆಸಿ ಹದಿನೈದು ನಿಮಿಷ ಬಿಟ್ಟು ಉಜ್ಜುವುದು. ಕಮೋಡಿಗೆ 200 ಮಿಲಿ ರಾತ್ರಿ ಸುರಿದು ಬೆಳಿಗ್ಗೆ ತಿಕ್ಕುವುದು. ಆದರೆ ಬೋರ್‌ವೆಲ್ ನೀರಿನ ಕಮೋಡಿನೊಳಗೆ ಕಲ್ಲಿನಂತೆ ಕೂತ ಹಳದಿ ಪದರಕ್ಕೆ ಇದರ ಹುಳಿ ಸಾಲುವುದಿಲ್ಲ. ಅದಕ್ಕೆ ನಿಂಬೆ ಉಪ್ಪೇ ಆಗಬೇಕು: ಒಳಗಿನ ನೀರನ್ನು ಮಗ್ಗಿನಿಂದ ಆದಷ್ಟು ತೆಗೆದು, 100 ಗ್ರಾಂ ಹಾಕಿ ರಾತ್ರಿಯೆಲ್ಲ ಬಿಡಿ.

ಅಡುಗೆಕಟ್ಟೆಯ ಬಿಳಿ ಮಬ್ಬು

ಇದು ಕೊಳೆಯಲ್ಲ, ಅದಕ್ಕೇ ಉಜ್ಜಿದರೆ ಹೋಗುತ್ತಿಲ್ಲ. ನಿಮ್ಮ ಕಪ್ಪು ಕಲ್ಲು ಬಹುಶಃ ಗ್ರಾನೈಟ್ ಅಲ್ಲ, ಕಡಪ ಕಲ್ಲು. ಕಡಪ ಮತ್ತು ಕಲಬುರಗಿ ಕಡೆಯ ಶಹಾಬಾದ್ ಕಲ್ಲು ಎರಡೂ ಸುಣ್ಣದ ಕಲ್ಲಿನ ಜಾತಿ. ಹುಳಿ ಬಿದ್ದರೆ ಹೊಳಪಿನ ಮೇಲ್ಪದರವೇ ಕರಗಿ, ಒರಟಾಗಿ, ಬೆಳಕಿಗೆ ಬೆಳ್ಳಗೆ ಕಾಣುತ್ತದೆ. ಮಾರ್ಬಲ್‌ಗೂ ಇದೇ ಗತಿ. ಹಳೆಯ ಮನೆಗಳ ಮೊಸಾಯಿಕ್ ನೆಲದಲ್ಲಿ ಮಾರ್ಬಲ್ ಚೂರು ಮತ್ತು ಸಿಮೆಂಟು ಇರುವುದರಿಂದ ಅದಕ್ಕೂ ಹುಳಿ ಆಗದು. ರೆಡ್ ಆಕ್ಸೈಡ್ ನೆಲವೂ ಸಿಮೆಂಟೇ. ನಿಜವಾದ ಗ್ರಾನೈಟ್ ತಡೆದುಕೊಳ್ಳುತ್ತದೆ, ಆದರೆ ಅದರ ಮೇಲೆ ಹಚ್ಚಿದ ಸೀಲರ್, ಕಲ್ಲುಗಳ ನಡುವಿನ ಸಿಮೆಂಟು ಸಂದು ನಿಧಾನ ಸವೆಯುತ್ತವೆ.

ಯಾವ ಕಲ್ಲು ಎಂದು ತಿಳಿಯಲು ಸಿಲಿಂಡರಿನ ಹಿಂದೆಯೋ ಮಿಕ್ಸಿಯ ಕೆಳಗೋ ಕಾಣದ ಮೂಲೆಯಲ್ಲಿ ಒಂದು ಹನಿ ನಿಂಬೆರಸ ಬಿಟ್ಟು ಐದು ನಿಮಿಷ ಕಾಯಿರಿ. ಸಣ್ಣ ಗುಳ್ಳೆ ಎದ್ದರೆ, ಅಥವಾ ಒರೆಸಿ ಒಣಗಿದ ಮೇಲೆ ದುಂಡಗೆ ಮಬ್ಬು ಉಳಿದರೆ ಆ ಕಲ್ಲಿಗೆ ವಿನೆಗರ್, ನಿಂಬೆ, ಬಯೋಎಂಜೈಮ್ ಮುಟ್ಟಿಸಬಾರದು. ಅಂಥ ಕಲ್ಲಿಗೆ ಒಂದು ಲೀಟರ್ ನೀರಿಗೆ ಒಂದು ಚಮಚ ಅಂಟುವಾಳ ಹಾಕಿ ಒರೆಸಿ, ಮತ್ತೆ ಬರೀ ನೀರಿನಿಂದ ಒರೆಸಿ, ಒಣಬಟ್ಟೆ ಹಾಯಿಸಿ. ಅಂಟುವಾಳವೂ ತುಸು ಹುಳಿಯೇ ಆದ್ದರಿಂದ ಗಟ್ಟಿ ದ್ರವ ಚೆಲ್ಲಿ ಬಿಡುವುದು ಬೇಡ. ಈಗ ಆಗಿರುವ ಮಬ್ಬಿಗೆ ಮನೆಮದ್ದು ಇಲ್ಲ. ಕೊಬ್ಬರಿ ಎಣ್ಣೆ ಸವರಿದರೆ ನಾಲ್ಕು ದಿನ ಮುಚ್ಚಿಹೋಗುತ್ತದೆ, ಅಷ್ಟೇ. ಕಲ್ಲು ಪಾಲಿಶ್ ಮಾಡುವವರನ್ನೇ ಕರೆಸಬೇಕು.

ಹುಳಿಗೆ ತಕ್ಕ ಜಾಗ ನಲ್ಲಿ, ಶವರ್, ಗಾಜು. ವಿನೆಗರಿಗಿಂತ ನಿಂಬೆ ಉಪ್ಪು ಸುಲಭ, ವಾಸನೆಯೂ ಇಲ್ಲ. ಲೀಟರ್ ನೀರಿಗೆ 50 ಗ್ರಾಂ ಕರಗಿಸಿ, ಬಟ್ಟೆ ಅದ್ದಿ ನಲ್ಲಿಯ ಬುಡಕ್ಕೆ ಸುತ್ತಿ 20 ನಿಮಿಷ ಬಿಡಿ, ಹಳೆ ಟೂತ್‌ಬ್ರಶ್ಶಿನಿಂದ ತಿಕ್ಕಿ ತೊಳೆಯಿರಿ. ರಾತ್ರಿಯಿಡೀ ಬಿಟ್ಟರೆ ಕ್ರೋಮಿನ ಹೊಳಪಿಗೂ ಪೆಟ್ಟು. ಶವರಿನ ತಲೆಯನ್ನು ಬಿಚ್ಚಿ ಇದೇ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ. ಟೈಲ್ಸ್ ಮೇಲೆ ಬಳಸುವ ಮೊದಲು ಸಂದುಗಳನ್ನು ಬರೀ ನೀರಿನಿಂದ ಚೆನ್ನಾಗಿ ನೆನೆಸಿಕೊಳ್ಳಿ. ಆಗಲೇ ನೀರು ಕುಡಿದ ಸಿಮೆಂಟು ಹುಳಿಯನ್ನು ಒಳಗೆ ಎಳೆದುಕೊಳ್ಳುವುದಿಲ್ಲ. ಗಾಜಿಗೆ ಬೋರ್‌ವೆಲ್ ನೀರನ್ನು ಬಳಸಿದರೆ ಒರೆಸಿದಷ್ಟೂ ಚುಕ್ಕಿ ಉಳಿಯುತ್ತವೆ. ಮಳೆನೀರು ಅಥವಾ ಫಿಲ್ಟರಿನ ಆರ್‌ಒ ನೀರು ಕಾಲು ಲೀಟರಿಗೆ 50 ಮಿಲಿ ವಿನೆಗರ್ ಹಾಕಿ, ಬಿಸಿಲು ಬೀಳದ ಹೊತ್ತಿನಲ್ಲಿ ಒರೆಸಿ.

ಸೋಡಾ, ಅಲ್ಯೂಮಿನಿಯಂ, ಹಿತ್ತಾಳೆ

ಅಡುಗೆ ಸೋಡಾ ಮೆದು, ವಾಷಿಂಗ್ ಸೋಡಾ ಖಾರ. ಎರಡನೆಯದು ಸಿಗದಿದ್ದರೆ ಮೊದಲನೆಯದರಿಂದಲೇ ಮಾಡಿಕೊಳ್ಳಬಹುದು. ದಪ್ಪ ತಳದ ಸ್ಟೀಲ್ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ಮೊದಲು ಪುಡಿ ನೀರಿನಂತೆ ತಳಮಳಿಸಿ ಕುದಿಯುತ್ತದೆ. ಅದು ಒಳಗಿನ ಅನಿಲ, ಆವಿ ಹೊರಟದ್ದು. ಆ ಅಲುಗಾಟ ನಿಂತು ಪುಡಿ ಜಡವಾಗಿ ಬಿದ್ದಾಗ ಆಯಿತು. 100 ಗ್ರಾಂ ಹಾಕಿದರೆ ಸುಮಾರು 63 ಗ್ರಾಂ ಉಳಿಯಬೇಕು, ತೂಗಿ ನೋಡಬಹುದು. ಕೈಗೆ ಗ್ಲೌಸ್ ಹಾಕಿಕೊಂಡೇ ಬಳಸಿ.

ಅಡುಗೆಮನೆಯ ಚಿಮಣಿ ಫಿಲ್ಟರಿಗೆ ಇದು ರಾಮಬಾಣ: ಲೀಟರ್ ಬಿಸಿನೀರಿಗೆ 50 ಗ್ರಾಂ, ಅರ್ಧ ಗಂಟೆ ಮುಳುಗಿಸಿದರೆ ಜೇನಿನಂತೆ ಗಟ್ಟಿಯಾದ ಜಿಡ್ಡು ತಾನಾಗಿ ಬಿಡುತ್ತದೆ. ಆದರೆ ಫಿಲ್ಟರ್ ಸ್ಟೀಲಿನದಾಗಿರಬೇಕು. ಬಹಳಷ್ಟು ಜಾಲರಿ ಫಿಲ್ಟರ್‌ಗಳು ಅಲ್ಯೂಮಿನಿಯಂನವು, ವಾಷಿಂಗ್ ಸೋಡಾ ತಾಗಿದರೆ ಕರ್ರಗಾಗಿ ಸವೆಯುತ್ತವೆ. ಎತ್ತಿ ನೋಡಿದರೆ ಹಗುರ, ಮಾಸಲು ಬೆಳ್ಳಿ ಬಣ್ಣ ಇದ್ದರೆ ಬಿಸಿನೀರು, ಅಂಟುವಾಳ, ಬ್ರಶ್ಶು ಇಷ್ಟೇ ಸಾಕು. ಅಲ್ಯೂಮಿನಿಯಂ ಕುಕ್ಕರಿನ ಒಳಗೆ ಕಪ್ಪು ಹಿಡಿದಿದ್ದರೆ ದಾರಿ ತದ್ವಿರುದ್ಧ: ಹಿಂಡಿದ ನಿಂಬೆ ಸಿಪ್ಪೆ ಅಥವಾ ಒಂದು ಚೂರು ಹುಣಸೆಹಣ್ಣು ಹಾಕಿ ನೀರು ಕುದಿಸಿ. ಹಾಲು ಸೀದ ಸ್ಟೀಲ್ ಪಾತ್ರೆಗೆ ಎರಡು ಚಮಚ ಅಡುಗೆ ಸೋಡಾ ಹಾಕಿ ಹತ್ತು ನಿಮಿಷ ಕುದಿಸಿ ಆರಲು ಬಿಟ್ಟರೆ ಸೀಕಲು ಹಾಳೆಯಂತೆ ಏಳುತ್ತದೆ. ಸಿಂಕಿನ ಪೈಪಿಗೆ ವಾಷಿಂಗ್ ಸೋಡಾ 100 ಗ್ರಾಂ ಬಿಸಿನೀರಿನಲ್ಲಿ ಕರಗಿಸಿ ಸುರಿಯಬಹುದು, ಆದರೆ ಕುದಿಯುವ ನೀರು ಬೇಡ, ಪಿವಿಸಿ ಪೈಪ್ ಮೆತ್ತಗಾಗಿ ಕೀಲು ಬಿಡುತ್ತದೆ.

ಹಿತ್ತಾಳೆ, ತಾಮ್ರ ಬೆಳಗಲು ಹುಣಸೆಹಣ್ಣು ಮತ್ತು ಕಲ್ಲುಪ್ಪಿಗೆ ಬೇರೆ ಸಾಟಿ ಇಲ್ಲ. ನಿಂಬೆ ಗಾತ್ರದ ಹುಣಸೆ ನೆನೆಸಿ, ಚಿಟಿಕೆ ಉಪ್ಪು ಸೇರಿಸಿ ತಿಕ್ಕಿ, ಐದು ನಿಮಿಷದೊಳಗೆ ತೊಳೆಯಿರಿ. ಹುಳಿಯಲ್ಲಿ ಬಹಳ ಹೊತ್ತು ಬಿಟ್ಟರೆ ಹಿತ್ತಾಳೆಯ ಸತು ಕರಗಿ ಗುಲಾಬಿ ಬಣ್ಣದ ಮಚ್ಚೆ ಬೀಳುತ್ತದೆ. ತೊಳೆದು ಗಾಳಿಗೆ ಇಟ್ಟರೂ ತಿರುಗಿ ಕಪ್ಪಾಗುತ್ತದೆ, ಕೂಡಲೇ ಒಣಬಟ್ಟೆಯಲ್ಲಿ ಒರೆಸಲೇಬೇಕು. ಕಲಾಯಿ ಮಾಡಿದ ಪಾತ್ರೆಯ ಒಳಗೆ ಮಾತ್ರ ಹುಣಸೆ, ಬೂದಿ, ಗುಂಜು ಯಾವುದೂ ಬೇಡ. ಬೆಳ್ಳಿಗೆ ಒದ್ದೆ ವಿಭೂತಿ ಸಾಕು.

ಬೆರೆಸಬಾರದ್ದು, ಆಗದ್ದು

ಬ್ಲೀಚಿಂಗ್ ಪೌಡರ್ ಅಥವಾ ದ್ರವ ಬ್ಲೀಚ್ ಹಾಕಿದ ಜಾಗಕ್ಕೆ ವಿನೆಗರ್, ನಿಂಬೆ, ಬಯೋಎಂಜೈಮ್, ಟಾಯ್ಲೆಟ್ ಆಸಿಡ್ ಯಾವುದನ್ನೂ ಸುರಿಯಬಾರದು. ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಿನಲ್ಲಿ ಅದು ಉಸಿರುಕಟ್ಟಿಸಿ ಪ್ರಾಣಕ್ಕೇ ಸಂಚಕಾರ. ಕೆಲಸಕ್ಕೆ ಬರುವವರಿಗೂ ಇದನ್ನು ಹೇಳಿಡಿ, ಎರಡನ್ನೂ ಒಟ್ಟಿಗೆ ಸುರಿದರೆ ಚೆನ್ನಾಗಿ ಹೋಗುತ್ತದೆ ಎಂಬ ನಂಬಿಕೆ ಬಹಳ ಕಡೆ ಇದೆ.

ಇಲ್ಲಿ ಹೇಳಿದ ಯಾವುದೂ ರೋಗಾಣು ಕೊಲ್ಲುವ ಭರವಸೆ ಕೊಡುವುದಿಲ್ಲ. ಮನೆಯಲ್ಲಿ ಯಾರಿಗಾದರೂ ವಾಂತಿ-ಭೇದಿ ಆದಾಗ ಅಂಟುವಾಳದ ಹಟ ಬೇಡ. ಮೊದಲು ಸಾಬೂನು ನೀರಿನಿಂದ ತೊಳೆದು, ಲೀಟರ್ ನೀರಿಗೆ ಶೇ. 4–5ರ ದ್ರವ ಬ್ಲೀಚ್ 20ರಿಂದ 25 ಮಿಲಿ ಹಾಕಿ ಒರೆಸಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಸುವಾಸನೆಗೆಂದು ಮಜ್ಜಿಗೆ ಹುಲ್ಲಿನ ಎಣ್ಣೆ, ನೀಲಗಿರಿ ಎಣ್ಣೆ ಸೇರಿಸುವವರು ಮನೆಯಲ್ಲಿ ಬೆಕ್ಕಿದ್ದರೆ ಬಿಟ್ಟುಬಿಡಿ, ಬೆಕ್ಕಿನ ಮೈಗೆ ಇಂಥ ಎಣ್ಣೆಗಳು ಒಗ್ಗುವುದಿಲ್ಲ. ಹೊಸ ಡಬ್ಬಿಯ ಸ್ಟಿಕರ್ ಗೋಂದು ತೆಗೆಯಲು ಮಾತ್ರ ನೀಲಗಿರಿ ಎಣ್ಣೆ ಬಲು ಚೆನ್ನ.

ಈಗ ನಿಮ್ಮ ಮನೆಯಲ್ಲಿರುವ ಬಾಟಲಿಗಳಿಗೆ ಬರೋಣ. ಹುಳಿ ಬಂದ ಅಂಟುವಾಳವನ್ನು ಎಸೆಯಬೇಡಿ, ಇಂದೇ ಬಚ್ಚಲ ಟೈಲ್ಸಿಗೆ ಹಾಕಿ ಉಜ್ಜಿಬಿಡಿ. ವಿನೆಗರ್-ಸೋಡಾ ಬಾಟಲಿಯನ್ನು ಸಿಂಕಿಗೆ ಸುರಿಯಿರಿ, ಇಟ್ಟುಕೊಂಡು ಪ್ರಯೋಜನವಿಲ್ಲ. ಇರುವೆ ಕರೆದ ಬಯೋಎಂಜೈಮನ್ನು ಸಿಪ್ಪೆ ಸಮೇತ ಇನ್ನೊಂದು ತಿಂಗಳು ಬಿಡಿ, ವಾರಕ್ಕೊಮ್ಮೆ ಮುಚ್ಚಳ ಸಡಿಲಿಸಿ, ಬೆರಳಿಗೆ ಅಂಟುವುದು ನಿಂತ ಮೇಲೆ ಸೋಸಿ. ಅಲ್ಲಿಯವರೆಗೆ ನೆಲಕ್ಕೆ ಬರೀ ನೀರು. ಸೋಸಿದ್ದನ್ನು ಜ್ಯೂಸಿನ ಬಾಟಲಿಗೆ ತುಂಬಿದರೆ ಬಣ್ಣ ಕಂಡು ಮಕ್ಕಳು ಬಾಯಿಗಿಡುತ್ತಾರೆ. ಆದ್ದರಿಂದ ಫಿನಾಯಿಲ್ ಬಾಟಲಿಯಂಥ ಬೇರೆ ಡಬ್ಬಿಗೆ ಹಾಕಿ, ಹೆಸರು ಮತ್ತು ತಾರೀಖು ಬರೆದು ಮೇಲಿನ ಅಟ್ಟದಲ್ಲಿಡಿ. ಕಡಪ ಕಲ್ಲಿಗೆ ಇದನ್ನು ಹಾಕಬಾರದು ಎಂದೂ ಅದರ ಮೇಲೆಯೇ ಬರೆಯಿರಿ.